ನಿಮ್ಮ ಮಂಗಳದ ಲೇಖನದ ಬಗ್ಗೆ

ನಮಸ್ಕಾರ,

‘ಮಂಗಳದಲ್ಲಿ ಜೀವ ಸಿಕ್ಕಿತೇ?’ ಅನ್ನುವ ನಿಮ್ಮ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ.

ಮೊದಲ ಎರಡು ಪುಟ ತೆಗೆದುಬಿಡಿ. ಅನಾದಿ ಕಾಲದಿಂದ ಮನುಷ್ಯ ಆಕಾಶ ನೋಡುತ್ತಿದ್ದಾನೆ ಎಂದು ನಮಗೆ ಬರುವ ಲೇಖನಗಳಲ್ಲಿ ಅರ್ಧಕ್ಕರ್ಧ ಶುರುವಾಗುತ್ತವೆ. ನಿಮ್ಮ ಕಥೆ ಇರುವುದು ಮೂರನೇ ಪುಟದಲ್ಲಿ. ಅದನ್ನು ‘ನೌಕೆಗಳು ಮೀಥೇನ್ ಪತ್ತೆ ಹಚ್ಚಿವೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಯಾವ ನೌಕೆ? ಎಷ್ಟು ಮೀಥೇನ್? ಅಷ್ಟು ಮೇಲಿಂದ ಗಾಳಿಯಲ್ಲಿ ಏನಿದೆ ಅಂತ ಹೇಗೆ ಗೊತ್ತಾಗುತ್ತೆ? ಓದುಗರಿಗೆ ಬೇಕಾದ್ದು ಅದೇ ಅಲ್ವಾ?

ಟ್ರೇಸ್ ಗ್ಯಾಸ್ ಆರ್ಬಿಟರ್ ಒಂದನ್ನೇ ಹಿಡಿದು ಬರೆಯಿರಿ. ಯುರೋಪ್ ಮತ್ತು ರಷ್ಯಾ 2016ರಲ್ಲಿ ಕಳಿಸಿದ ನೌಕೆ ಇದು. ಸುಮಾರು 400 ಕಿ.ಮೀ. ಎತ್ತರದಲ್ಲಿ ಎರಡು ಗಂಟೆಗೊಂದು ಸುತ್ತು ಹಾಕುತ್ತದೆ. ಮಂಗಳದ ಅಂಚಿನಲ್ಲಿ ಸೂರ್ಯ ಮುಳುಗುವಾಗ, ಏಳುವಾಗ ಅದರ ಉಪಕರಣಗಳು ನೇರವಾಗಿ ಸೂರ್ಯನನ್ನೇ ನೋಡುತ್ತವೆ. ಆಗ ಬೆಳಕು ತೆಳು ಗಾಳಿಯೊಳಗೆ ಓರೆಯಾಗಿ ಬಹಳ ದೂರ ಹಾದು ಬರುತ್ತದೆ. ದಾರಿಯಲ್ಲಿ ಒಂದೊಂದು ಅನಿಲವೂ ತನಗೆ ಸೇರಿದ ಅಲೆಯುದ್ದದ ಬೆಳಕನ್ನು ನುಂಗುತ್ತದೆ. ಮೀಥೇನ್ ನುಂಗುವುದು 3.3 ಮೈಕ್ರೋಮೀಟರ್ ಆಸುಪಾಸಿನ ಬೆಳಕನ್ನು. ಬಂದ ಬೆಳಕಿನಲ್ಲಿ ಎಲ್ಲೆಲ್ಲಿ ಕೊರತೆ ಇದೆ ಎಂದು ನೋಡಿದರೆ ಯಾವ ಅನಿಲ ಎಂದು ತಿಳಿಯುತ್ತದೆ.

ನಿಜವಾದ ಜಗಳ ಇಲ್ಲಿಂದ ಶುರು. 2004ರಲ್ಲಿ ಯುರೋಪಿನ ಮಾರ್ಸ್ ಎಕ್ಸ್‌ಪ್ರೆಸ್ ನೌಕೆಯ ತಂಡ ನೂರು ಕೋಟಿ ಭಾಗದಲ್ಲಿ ಸುಮಾರು 10 ಭಾಗ ಮೀಥೇನ್ ಇದೆ ಎಂದಿತು. ಮಂಗಳದ ಗೇಲ್ ಕುಳಿಯಲ್ಲಿ ಓಡಾಡುವ ನಾಸಾದ ಕ್ಯೂರಿಯಾಸಿಟಿ ರೋವರ್‌ಗೆ ಸಾಮಾನ್ಯವಾಗಿ ಸಿಗುವುದು ಒಂದಕ್ಕಿಂತ ಕಡಿಮೆ. ಆದರೆ 2019ರ ಜೂನ್‌ನಲ್ಲಿ ಒಮ್ಮೆಲೇ 21! ಅದೇ ವರ್ಷ ಆರ್ಬಿಟರ್ ತಂಡ, ಮೀಥೇನ್ ಇದ್ದರೂ 0.05ಕ್ಕಿಂತ ಕಡಿಮೆ ಎಂದಿತು. ಮೀಥೇನ್ ನಾಶವಾಗಲು ಮುನ್ನೂರು ವರ್ಷ ಬೇಕು ಎಂಬ ಲೆಕ್ಕವಿದೆ. ಹಾಗಾದರೆ ಅದು ಗ್ರಹದ ತುಂಬ ಹರಡಿ ಆರ್ಬಿಟರ್‌ಗೂ ಕಾಣಬೇಕಿತ್ತು. ರೋವರ್ ಅಳೆಯುವುದು ನೆಲದ ಹತ್ತಿರ, ಹೆಚ್ಚಾಗಿ ರಾತ್ರಿ. ಆರ್ಬಿಟರ್ ನೋಡುವುದು ಕೆಲವು ಕಿ.ಮೀ. ಮೇಲಿನ ಗಾಳಿಯನ್ನು. ವ್ಯತ್ಯಾಸಕ್ಕೆ ಇದಷ್ಟೇ ಕಾರಣವೇ? ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ. ನೀವೂ ತೀರ್ಪು ಕೊಡಲು ಹೋಗಬೇಡಿ.

ಮೀಥೇನ್ ಅಂದ ತಕ್ಷಣ ಜೀವ ಅನ್ನುವುದೂ ಬೇಡ. ಭೂಮಿಯಲ್ಲಿ ಅದನ್ನು ಜೀವಿಗಳು ಹುಟ್ಟಿಸುತ್ತವೆ, ನಿಜ. ಆದರೆ ಕಲ್ಲು-ನೀರಿನ ರಾಸಾಯನಿಕ ಕ್ರಿಯೆಯಿಂದಲೂ ಅದು ಹುಟ್ಟುತ್ತದೆ. ಶೀರ್ಷಿಕೆ ಬದಲಿಸಿ.

ಇನ್ನೊಂದು. ‘ನಮ್ಮ ಮಂಗಳಯಾನ ಮೀಥೇನ್ ಕಂಡುಹಿಡಿಯಿತು’ ಎಂದು ಬರೆದಿದ್ದೀರಿ. ಇದು ತಪ್ಪು. 2014ರಲ್ಲಿ ಮಂಗಳ ತಲುಪಿದ ಆ ನೌಕೆಯಲ್ಲಿ ಮೀಥೇನ್ ಸೆನ್ಸರ್ ಇತ್ತು, ನಿಜ. ಆದರೆ ಕಾರ್ಬನ್ ಡೈಆಕ್ಸೈಡ್ ಗುರುತಿನಿಂದ ಮೀಥೇನ್ ಗುರುತನ್ನು ಬೇರೆ ಮಾಡಲು ಅದಕ್ಕೆ ಆಗಲಿಲ್ಲ. ಆಮೇಲೆ ಅದನ್ನು ಮಂಗಳದ ನೆಲ ಎಷ್ಟು ಬಿಸಿಲು ಹಿಂದಿರುಗಿಸುತ್ತದೆ ಎಂದು ಅಳೆಯಲು ಬಳಸಿದರು. ಅಭಿಮಾನ ಇರಲಿ, ಆದರೆ ಇದನ್ನು ಮುಚ್ಚಿಡಬೇಡಿ. ಈ ಅಳತೆ ಎಷ್ಟು ಕಷ್ಟ ಎಂದು ತೋರಿಸಲು ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲ್ಲ.

ತಿದ್ದಿ ಕಳಿಸಿ. ಎಂಟುನೂರು ಪದ ಸಾಕು. ಪ್ರತಿ ಅಂಕಿಯ ಜೊತೆ ಯಾವ ವರ್ಷದ್ದು, ಯಾವ ಉಪಕರಣದ್ದು ಎಂದು ಹಾಕಿ. ಜಾಲದಿಂದ ಇಳಿಸಿದ ಆ ಹಸಿರು ಅನ್ಯಗ್ರಹ ಜೀವಿಯ ಚಿತ್ರ ಮಾತ್ರ ಮತ್ತೆ ಬೇಡ.