ಬೆಂಗಳೂರಿನ ಸ್ಲಂ ವಸತಿ ರಾಜಕಾರಣದ ಬಗ್ಗೆ ಪಿಎಚ್‌ಡಿ: ಸಮೀಕ್ಷೆ ಮಾಡಲೋ, ಸಂದರ್ಶನವೋ?

ಆ ಪ್ರಶ್ನೆಯನ್ನು ಸದ್ಯ ಪಕ್ಕಕ್ಕಿಡಿ. ಇದೇ ವಿಷಯದಲ್ಲಿ ಕೆಲಸ ಮಾಡಿದವನಾಗಿ ಹೇಳುತ್ತೇನೆ: ಪ್ರಬಂಧ ಕೆಡುವುದು ಅದಕ್ಕೂ ಮೊದಲೇ, ಯಾವ ಬಸ್ತಿಗೆ ಹೋಗಬೇಕೆಂದು ಆರಿಸುವಾಗ.

ಬಹಳ ಜನ ಸ್ಲಂ ಬೋರ್ಡಿನ (ಕರ್ನಾಟಕ ಕೊಳೆಗೇರಿ ಅಭಿವೃದ್ಧಿ ಮಂಡಳಿ) ಪಟ್ಟಿ ಹಿಡಿದು ಹೊರಡುತ್ತಾರೆ. ಅದರಲ್ಲಿರುವುದು 1973ರ ಕರ್ನಾಟಕ ಕೊಳೆಗೇರಿ ಕಾಯ್ದೆಯ ಕಲಂ 3ರಡಿ ಕೊಳೆಗೇರಿ ಎಂದು ಘೋಷಣೆಯಾದ ಪ್ರದೇಶಗಳು. ಘೋಷಣೆ ತಾನಾಗಿ ಆಗುವುದಿಲ್ಲ. ಸಂಘ ಕಟ್ಟಿ, ಕಾರ್ಪೊರೇಟರ್, ಶಾಸಕರ ಬೆನ್ನುಹತ್ತಿ ಗಿಟ್ಟಿಸಿಕೊಂಡದ್ದೇ ಹೆಚ್ಚು. ಅಂದರೆ ನೀವು ವಿವರಿಸಬೇಕಾದ ಫಲಿತಾಂಶವೇ ನಿಮ್ಮ ಮಾದರಿಯನ್ನು (ಸ್ಯಾಂಪಲ್) ಜರಡಿ ಹಿಡಿದಿರುತ್ತದೆ. ಅಲ್ಲಿ ಸಾವಿರ ಮನೆ ಸುತ್ತಿದರೂ 'ವೋಟಿದ್ದರೆ ಸೌಲಭ್ಯ' ಎಂಬ ಉತ್ತರವೇ ಸಿಗುತ್ತದೆ. ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು, ಯಾರದೋ ಖಾಲಿ ಸೈಟಿನ ನೀಲಿ ಟಾರ್ಪಾಲಿನ್ ಶೆಡ್ಡಿಗೆ ಬಾಡಿಗೆ ಕಟ್ಟುವವರು ಸಾಮಾನ್ಯವಾಗಿ ಪಟ್ಟಿಯಲ್ಲಿ ಇರುವುದಿಲ್ಲ; ಅವರ ವೋಟು ಊರಲ್ಲೇ ಇರುತ್ತದೆ. 2011ರ ಜನಗಣತಿಯನ್ನು ನೆಚ್ಚಿದರೂ ಅಷ್ಟೇ. ಘೋಷಣೆಯಾಗದ ಬಸ್ತಿಯನ್ನು ಅದು ಗುರುತಿಸಬೇಕಾದರೆ ಕನಿಷ್ಠ 300 ಜನ ಅಥವಾ 60–70 ಮನೆಗಳು ಒತ್ತಾಗಿ ಇರಬೇಕಿತ್ತು. ಇಪ್ಪತ್ತು ಶೆಡ್ಡಿನ ಗುಂಪು ಲೆಕ್ಕಕ್ಕೇ ಇಲ್ಲ.

ಹಾಗಾಗಿ ಪಟ್ಟಿ ನೀವೇ ಮಾಡಿ. ಎರಡು ಮೂರು ವಾರ್ಡ್ ಸಾಕು. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರ ತೆರೆದು ಶೆಡ್ಡುಗಳನ್ನು ಗುರುತಿಸಿ, ಆಮೇಲೆ ನಡೆದೇ ನೋಡಿ. ಆಶಾ ಕಾರ್ಯಕರ್ತೆಯರನ್ನೂ ನೀರಿನ ಟ್ಯಾಂಕರ್ ಡ್ರೈವರ್‌ಗಳನ್ನೂ ಕೇಳಿ. ಒಂದೊಂದಕ್ಕೂ ಜಾಗ ಯಾರದ್ದು, ಬಾಡಿಗೆ ಯಾರ ಕೈಗೆ, ಘೋಷಣೆ ಯಾವಾಗ ಎಂದು ಬರೆದುಕೊಳ್ಳಿ. ಘೋಷಣೆಯ ಕಡತಕ್ಕೆ ಮಾಹಿತಿ ಹಕ್ಕಿನಡಿ ₹10 ಕಟ್ಟಿ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಆದ್ದರಿಂದ ಬಸ್ತಿಗೊಂದು ಅರ್ಜಿ. ಅಧಿಸೂಚನೆಯ ಪ್ರತಿಯಷ್ಟೇ ಅಲ್ಲ, ಕಡತದಲ್ಲಿ ಅಧಿಕಾರಿಗಳು ಬರೆದ ಟಿಪ್ಪಣಿ ಹಾಳೆಗಳನ್ನೂ ಕೇಳಿ. ಯಾರ ಪತ್ರದಿಂದ ಕಡತ ಅಲುಗಿತು ಎಂಬುದು ಗೊತ್ತಾಗುವುದು ಅಲ್ಲೇ.

ಮನೆಯೊಳಗೆ ಹೋದಾಗ ಆದಾಯದಿಂದ ಮಾತು ಶುರುಮಾಡಬೇಡಿ. 'ಕಾಗದಪತ್ರ ತೋರಿಸ್ತೀರಾ ಅಮ್ಮ' ಎನ್ನಿ. ಪ್ಲಾಸ್ಟಿಕ್ ಕವರಿನಿಂದ ರೇಷನ್ ಕಾರ್ಡು, ಕರೆಂಟ್ ಬಿಲ್ಲು, ಬೋರ್ಡಿನ ಪರಿಚಯ ಪತ್ರ, ಅದೃಷ್ಟವಿದ್ದರೆ ಹಕ್ಕುಪತ್ರ ಹೊರಬರುತ್ತವೆ. ತಾರೀಖಿನ ಪ್ರಕಾರ ಜೋಡಿಸಿ, ಪ್ರತಿಯೊಂದನ್ನೂ ಯಾರು ಮಾಡಿಸಿಕೊಟ್ಟರು ಎಂದು ಕೇಳಿ. ಆದರೆ ಕಾಗದಗಳ ನಂಬರುಗಳನ್ನು ಬರೆದುಕೊಳ್ಳಲೇಬೇಡಿ.

ಬಾಡಿಗೆದಾರರನ್ನು ಬಿಡಲೇಬೇಡಿ. 2013ರ ಜನವರಿಯಲ್ಲಿ ಈಜಿಪುರದ ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲರ) ಕ್ವಾರ್ಟರ್ಸ್ ಜಾಗ ತೆರವು ಮಾಡಿಸಿದಾಗ ಪಾಲಿಕೆ ಲೆಕ್ಕಕ್ಕೆ ಹಿಡಿದದ್ದು ಮೂಲ ಹಂಚಿಕೆದಾರರನ್ನು. ಬಾಡಿಗೆಗಿದ್ದವರೂ ಆಗಲೇ ಬೀದಿಗೆ ಬಿದ್ದರು, ಪುನರ್ವಸತಿಯ ಹಕ್ಕಿಲ್ಲದೆ.