ತಂಡದ ವೈದ್ಯರು ಆಡಬೇಡ ಎಂದರೆ ಬೇರೆ ವೈದ್ಯರಿಂದ ಪ್ರಮಾಣಪತ್ರ ತರಬಹುದೇ?

ತರಬಹುದು. ನಾನು ತಂದಿದ್ದೆ. ನಿಮ್ಮ ಪತ್ರ ಓದಿದೆ. ಮಂಡಿ ತಿರುಚಿ ಊದಿಕೊಂಡದ್ದು, ಕೆಲವೇ ವಾರಗಳಲ್ಲಿ ನೋವು ಇಳಿದದ್ದು, ವೈದ್ಯರು ಬೇಡವೆಂದರೂ ತರಬೇತುದಾರರು ಆಡು ಎಂದದ್ದು, ಎಲ್ಲವೂ ನನ್ನದೇ ಕಥೆಯಂತಿದೆ. ನಾನೂ ವಿಶ್ವವಿದ್ಯಾಲಯದ ಕಬಡ್ಡಿ ತಂಡದ ರೈಡರ್ ಆಗಿದ್ದವನು.

ಅಭ್ಯಾಸದಲ್ಲಿ ಬೋನಸ್ ಗೆರೆ ಮುಟ್ಟಿ ಹಿಂದಿರುಗುವಾಗ ಪಾದ ಮ್ಯಾಟಿಗೆ ಕಚ್ಚಿಕೊಂಡಿತು, ಮೈ ಮಾತ್ರ ತಿರುಗಿತು. ಮಂಡಿಯೊಳಗೆ ಲಟಕ್ಕೆಂದಿತು. ಸಂಜೆಯ ಹೊತ್ತಿಗೆ ಊತ. ತಂಡದ ವೈದ್ಯರು ಮಂಡಿಯನ್ನು ಸ್ವಲ್ಪ ಮಡಿಸಿ, ತೊಡೆಯನ್ನು ಒಂದು ಕೈಯಲ್ಲಿ ಹಿಡಿದು, ಮೊಣಕಾಲಿನ ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆದು ನೋಡಿದರು. 'ಸಡಿಲವಿದೆ. ಎಂಆರ್‌ಐ ಆಗುವವರೆಗೂ ಮ್ಯಾಟ್ ಹತ್ತಬೇಡ' ಎಂದರು. ಅಷ್ಟರಲ್ಲಿ ದಕ್ಷಿಣ ವಲಯದ ಪಂದ್ಯಾವಳಿ ಹತ್ತಿರ ಬಂದಿತ್ತು. ತರಬೇತುದಾರರು ತಮಗೆ ಪರಿಚಯವಿದ್ದ ಇನ್ನೊಬ್ಬ ವೈದ್ಯರ ಬಳಿಗೆ ಕಳುಹಿಸಿದರು.

ನನ್ನ ತಪ್ಪು ನಡೆದದ್ದು ಅಲ್ಲಿ. ಬೇರೆ ವೈದ್ಯರ ಬಳಿಗೆ ಹೋದದ್ದನ್ನು ತಪ್ಪು ಎನ್ನುತ್ತಿಲ್ಲ. ಎರಡನೆಯ ಅಭಿಪ್ರಾಯ ಕೇಳುವುದು ಯಾವ ರೋಗಿಗೂ ಇರುವ ಹಕ್ಕು. ಅವರು 'ನಡೆಯುವಾಗ ಮಂಡಿ ಎಂದಾದರೂ ಕೈಕೊಡುತ್ತದೆಯೇ?' ಎಂದು ಕೇಳಿದರು. 'ಇಲ್ಲ' ಎಂದೆ. ಹಾಸ್ಟೆಲಿನ ಮೆಟ್ಟಿಲು ಇಳಿಯುವಾಗ ಕೈಕೊಟ್ಟಿತ್ತು, ಬಸ್ಸಿನಿಂದ ಇಳಿಯುವಾಗಲೂ ಕೊಟ್ಟಿತ್ತು. ಕುಂಟುವುದು ಕಾಣದಿರಲೆಂದು ಅಂದು ಬೆಳಿಗ್ಗೆ ನೋವಿನ ಮಾತ್ರೆಯನ್ನೂ ನುಂಗಿದ್ದೆ. ಈ ಒಂದು 'ಇಲ್ಲ' ಎಷ್ಟು ದೊಡ್ಡದು ಎಂಬುದು ಆಗ ನನಗೆ ತಿಳಿದಿರಲಿಲ್ಲ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಮೂಳೆಗಳನ್ನು ಬಿಗಿದಿಡುವ ಲಿಗಮೆಂಟ್ ಕಾಣುವುದಿಲ್ಲ. ಕೈಯಿಂದ ಎಳೆದು ನೋಡುವ ಪರೀಕ್ಷೆಯಲ್ಲಿ ತೊಡೆಯ ಹಿಂಭಾಗದ ಸ್ನಾಯು ಬಿಗಿದುಕೊಂಡರೆ ಸಡಿಲವೂ ಮರೆಯಾಗುತ್ತದೆ. ಹೆದರಿದವನ ಸ್ನಾಯು ತಾನಾಗಿಯೇ ಬಿಗಿಯುತ್ತದೆ. ಎಂಆರ್‌ಐ ಇಲ್ಲದೆ ಕುಳಿತಿದ್ದ ಆ ವೈದ್ಯರಿಗೆ ಉಳಿದಿದ್ದ ಗಟ್ಟಿ ಸುಳಿವು ನನ್ನ ಬಾಯಿಯ ಮಾತು ಮಾತ್ರ. ಅದನ್ನೇ ನಾನು ಕಿತ್ತುಕೊಂಡೆ. ಅವರು ಬರೆದುಕೊಟ್ಟ ಪ್ರಮಾಣಪತ್ರ ನನ್ನ ಸುಳ್ಳಿಗೆ ಬಿದ್ದ ಮೊಹರು.

ನೋವಿಲ್ಲ ಎಂದಿದ್ದೀರಿ. ಎಸಿಎಲ್, ಅಂದರೆ ಮಂಡಿಯನ್ನು ಸ್ಥಿರವಾಗಿಡುವ ಮುಖ್ಯ ಲಿಗಮೆಂಟ್, ಹರಿದ ಮಂಡಿಯಲ್ಲಿ ಊತ ಇಳಿದ ಮೇಲೆ ನೋವೂ ಇಳಿಯುವುದು ಸಾಮಾನ್ಯ. ಕೀಲು ಕಳಚಿದ ಬಾಗಿಲು ಮುಚ್ಚಿರುವಷ್ಟು ಹೊತ್ತು ಸರಿಯಾಗಿಯೇ ಕಾಣುತ್ತದೆ. ನೇರವಾಗಿ ಓಡಿದಾಗ ನನಗೂ ಏನೂ ಆಗಲಿಲ್ಲ. ಪಂದ್ಯದ ಉತ್ತರಾರ್ಧದಲ್ಲಿ, ಯಾರೂ ಮುಟ್ಟದೆಯೇ, ತಿರುಗಿದ ಕೂಡಲೇ ಮಂಡಿ ಜಾರಿತು. ಈ ಬಾರಿ ಮೂಳೆಗಳ ನಡುವಿನ ಮೆತ್ತೆಯಾದ ಮೆನಿಸ್ಕಸ್ ಹರಿದು ಕೀಲಿನ ನಡುವೆ ಸಿಕ್ಕಿಕೊಂಡಿತು. ಕಾಲು ನೇರವಾಗಲೇ ಇಲ್ಲ. ಲಿಗಮೆಂಟನ್ನು ತೊಡೆಯ ಸ್ನಾಯುರಜ್ಜುವಿನಿಂದ ಹೊಸದಾಗಿ ಕಟ್ಟಿದರು. ಆದರೆ ಕತ್ತರಿಸಿ ತೆಗೆದ ಮೆನಿಸ್ಕಸ್ ಮತ್ತೆ ಬೆಳೆಯುವುದಿಲ್ಲ. ನನ್ನ ಆಟವನ್ನು ಕಸಿದುಕೊಂಡದ್ದು ಈ ಎರಡನೆಯ ಗಾಯ. ತಂಡದ ವೈದ್ಯರು ತಡೆಯಲು ನೋಡಿದ್ದೂ ಇದನ್ನೇ.

ಅನಿಲ್ ಕುಂಬ್ಳೆ ದವಡೆ ಮುರಿದರೂ ಆಡಲಿಲ್ಲವೇ ಎಂದು ಕೇಳಿದ್ದೀರಿ. 2002ರಲ್ಲಿ ಆಂಟಿಗಾದಲ್ಲಿ ತಲೆಗೆ ಪಟ್ಟಿ ಸುತ್ತಿಕೊಂಡು 14 ಓವರ್ ಎಸೆದು ವೆಸ್ಟ್ ಇಂಡೀಸ್‌ನ ಬ್ರಯಾನ್ ಲಾರಾ ವಿಕೆಟ್ ತೆಗೆದದ್ದನ್ನು ನೆನೆದರೆ ನನಗೂ ಇಂದಿಗೂ ಮೈ ಜುಮ್ಮೆನ್ನುತ್ತದೆ. ಆದರೆ ಅದರ ನಂತರ ಅವರು ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿಗೆ ಮರಳಿದರು. ಗಾಯ ಏನೆಂಬುದು ಎಲ್ಲರಿಗೂ ಗೊತ್ತಿತ್ತು, ಯಾರಿಂದಲೂ ಬಚ್ಚಿಟ್ಟಿರಲಿಲ್ಲ. ಓಡಿ ತಿರುಗುವಾಗ ಮೈಭಾರವೆಲ್ಲ ಬೀಳುವುದು ಮಂಡಿಯ ಮೇಲೆ, ದವಡೆಯ ಮೇಲಲ್ಲ.

ವೈದ್ಯರ ಮಾತೋ ತರಬೇತುದಾರರ ಮಾತೋ ಎಂದು ನೀವು ತೂಗುತ್ತಿರುವುದೇ ನನಗೆ ಒಪ್ಪಿಗೆಯಿಲ್ಲ. ಯಾರನ್ನು ಆಡಿಸಬೇಕು ಎಂಬುದು ತರಬೇತುದಾರರ ಕೆಲಸ. ಯಾರು ಆಡುವ ಸ್ಥಿತಿಯಲ್ಲಿದ್ದಾರೆ ಎಂಬುದರಲ್ಲಿ ಅವರಿಗೆ ಮಾತೇ ಇರಬಾರದು. ಈ ಗೆರೆ ದೊಡ್ಡ ಕ್ಲಬ್‌ಗಳಲ್ಲೂ ಅಳಿಸಿಹೋಗುತ್ತದೆ. 2015ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಚೆಲ್ಸಿಯ ವೈದ್ಯೆ ಇವಾ ಕಾರ್ನೆರೊ ರೆಫರಿ ಕರೆದ ಮೇಲೆಯೇ ಮೈದಾನಕ್ಕೆ ಓಡಿ ಆಟಗಾರ ಹಜಾರ್ಡ್‌ಗೆ ಚಿಕಿತ್ಸೆ ನೀಡಿದರು. ಚಿಕಿತ್ಸೆ ಪಡೆದವನು ಹೊರಗೆ ಹೋಗಬೇಕಾದ್ದರಿಂದ, ಹತ್ತೇ ಮಂದಿ ಉಳಿದಿದ್ದ ತಂಡ ಆ ಹೊತ್ತಿಗೆ ಒಂಬತ್ತಕ್ಕಿಳಿಯಿತೆಂದು ತರಬೇತುದಾರ ಮೊರಿನ್ಯೊ ಬಹಿರಂಗವಾಗಿ ಸಿಡಿದರು. ಆಕೆ ಕೆಲಸ ಬಿಡಬೇಕಾಯಿತು. ಮರುವರ್ಷ ಕ್ಲಬ್ ಕ್ಷಮೆ ಕೇಳಿತು. ತರಬೇತುದಾರರ ಎದುರು ನಿಂತು ಬೇಡ ಎನ್ನುವ ವೈದ್ಯರು ನಿಮಗೆ ಸಿಕ್ಕಿದ್ದಾರೆ. ಅವರನ್ನು ಅಡ್ಡಿ ಎಂದು ಕರೆಯಬೇಡಿ.

ನಾಳೆಯೇ ಅವರ ಬಳಿಗೆ ಹೋಗಿ. ಮಂಡಿ ಯಾವಾಗ, ಎಲ್ಲಿ ಜಾರಿತು, ಯಾವ ಮಾತ್ರೆ ತೆಗೆದುಕೊಂಡಿರಿ, ಎಲ್ಲವನ್ನೂ ಹೇಳಿ. ಎಂಆರ್‌ಐ ಮಾಡಿಸಿ. ಲಿಗಮೆಂಟ್ ಉಳಿದಿದ್ದರೆ ಮತ್ತೆ ಆಡಲು ಯಾವ ಯಾವ ಪರೀಕ್ಷೆ ದಾಟಬೇಕೆಂದು ಬರೆಸಿಕೊಳ್ಳಿ: ಗಾಯದ ಕಾಲಿನ ಒಂಟಿ ಕಾಲ ಜಿಗಿತ ಇನ್ನೊಂದರ ಶೇ 90ರಷ್ಟಾದರೂ ಬರಬೇಕು ಎಂಬುದು ಸಾಮಾನ್ಯ ಅಳತೆ. ಹರಿದಿದ್ದು, ಶಸ್ತ್ರಚಿಕಿತ್ಸೆ ಬೇಕಾದರೆ, ಅದಾದ ಮೇಲೆ ಕನಿಷ್ಠ 9 ತಿಂಗಳು ಪಂದ್ಯದ ಮಾತೇ ಬೇಡ. ಈ ವರ್ಷದ ಪಂದ್ಯಾವಳಿಗೆ ಬೇರೆ ರೈಡರ್ ಹೋಗಲಿ.