ಫೋನ್ ಹೋದರೆ ಹೋಗಲಿ, ಅಮ್ಮನ ಹಾಡು ಉಳಿಯಬೇಕು

ಪ್ರಶ್ನೆ: ನಮಸ್ಕಾರ. ನಮ್ಮಮ್ಮ ಸೋಬಾನೆ ಪದ, ಬೀಸುವ ಪದ ತುಂಬ ಚೆನ್ನಾಗಿ ಹಾಡುತ್ತಿದ್ದರು. ಮೂರು ವರ್ಷ ಒಂದೊಂದಾಗಿ ನನ್ನ ಫೋನಿನ ರೆಕಾರ್ಡರ್‌ನಲ್ಲಿ ಹಿಡಿದಿಟ್ಟಿದ್ದೆ, ನಲವತ್ತು ಹಾಡಿವೆ. ಅಮ್ಮ ಈಗಿಲ್ಲ. ಹೋದ ತಿಂಗಳು ಫೋನ್ ಜಗಲಿಯಿಂದ ಕೆಳಗೆ ಬಿತ್ತು. ಗ್ಲಾಸ್ ಒಡೆಯಲಿಲ್ಲ, ಆದರೆ ಅವತ್ತಿನಿಂದ ತಾನಾಗಿಯೇ ಆಫ್ ಆಗಿ ಆನ್ ಆಗುತ್ತದೆ. ಕೆಲವು ಸಲ ಲೋಗೋ ಬಂದು ಅಲ್ಲೇ ನಿಲ್ಲುತ್ತದೆ. ಕೆಲವು ಸಲ ಪೂರ್ತಿ ಆನ್ ಆಗಿ ಐದಾರು ನಿಮಿಷ ಇದ್ದು ಮತ್ತೆ ಹೋಗುತ್ತದೆ. ಸರ್ವಿಸ್ ಸೆಂಟರ್‌ನಲ್ಲಿ ಮದರ್‌ಬೋರ್ಡ್ ಬದಲಿಸಬೇಕು, ಡೇಟಾ ಹೋಗುತ್ತದೆ, ಇಲ್ಲಿ ಸೈನ್ ಮಾಡಿ ಅಂದರು. ಪೇಟೆಯ ಅಂಗಡಿಯವರೊಬ್ಬರು ಚಿಪ್ ಕಿತ್ತು ಡೇಟಾ ತೆಗೆದುಕೊಡುತ್ತೇನೆ ಅನ್ನುತ್ತಾರೆ. 2021ರ ಆಂಡ್ರಾಯ್ಡ್ ಫೋನ್, ಪಿನ್ ಗೊತ್ತಿದೆ. ಏನು ಮಾಡಲಿ?
— ಓದುಗರೊಬ್ಬರು, ಸಾಗರ

ಉತ್ತರ: ಸೈನ್ ಮಾಡಬೇಡಿ. ಚಿಪ್ ಕೀಳುವುದಕ್ಕೂ ಕೊಡಬೇಡಿ. ಈ ಎರಡು ಮಾಡದಿದ್ದರೆ ಅಮ್ಮನ ಹಾಡು ಸಿಗುವ ದಾರಿ ಇನ್ನೂ ತೆರೆದೇ ಇದೆ, ಯಾಕಂದರೆ ನಿಮ್ಮ ಪತ್ರದಲ್ಲೇ ಒಂದು ಒಳ್ಳೆಯ ಸುದ್ದಿ ಇದೆ. ಐದಾರು ನಿಮಿಷ ಫೋನ್ ಆನ್ ಆಗುತ್ತದೆ ಅಂತ ಬರೆದಿದ್ದೀರಲ್ಲ, ಅದು.

ಚಿಪ್ ಯಾಕೆ ಕೀಳಬಾರದು ಅಂತ ಮೊದಲು ಹೇಳುತ್ತೇನೆ. ಈಗಿನ ಫೋನುಗಳಲ್ಲಿ ಮೆಮೊರಿ ಚಿಪ್‌ನಲ್ಲಿರುವ ಪ್ರತಿಯೊಂದು ಫೈಲೂ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದ ಗೂಢಲಿಪಿಯಲ್ಲಿ ಇರುತ್ತದೆ. ಆಂಡ್ರಾಯ್ಡ್ 10 ಜೊತೆ ಮಾರುಕಟ್ಟೆಗೆ ಬಂದ ಫೋನುಗಳಿಂದ ಈಚೆಗೆ ಇದು ಕಡ್ಡಾಯ. ಬ್ಯಾಂಕ್ ಲಾಕರ್ ನೋಡಿದ್ದೀರಲ್ವಾ, ಅದಕ್ಕೆ ಎರಡು ಕೀ ಬೇಕು, ಒಂದು ಬ್ಯಾಂಕಿನವರದ್ದು, ಒಂದು ನಿಮ್ಮದು. ಇದೂ ಹಾಗೆಯೇ. ನಿಮ್ಮ ಕೈಲಿರುವ ಕೀ ಪಿನ್. ಇನ್ನೊಂದು ಕೀ ಪ್ರೊಸೆಸರ್‌ನ ಒಳಗೇ ಇದೆ, ಅದನ್ನು ಹೊರಗೆ ತೆಗೆಯುವ ಹಾಗಿಲ್ಲ. ಮೆಮೊರಿ ಚಿಪ್ ಒಂದನ್ನೇ ಕಿತ್ತು ರೀಡರ್‌ಗೆ ಹಾಕಿದರೆ ಸಿಗುವುದು ಅರ್ಥವಿಲ್ಲದ ಅಕ್ಷರದ ರಾಶಿ. ಆ ಅಂಗಡಿಯವರು ಮೋಸ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ, ಹಳೇ ಫೋನುಗಳಲ್ಲಿ ಅದು ನಿಜಕ್ಕೂ ಆಗುತ್ತಿತ್ತು. ನಿಮ್ಮ ಫೋನಿನಲ್ಲಿ ಆಗಲ್ಲ, ಅಷ್ಟೇ. ಅದೇ ಪ್ರೊಸೆಸರ್, ಅದೇ ಮೆಮೊರಿ, ನಿಮ್ಮ ಪಿನ್, ಮೂರೂ ಒಟ್ಟಿಗೆ ಜೀವಂತ ಇದ್ದರೆ ಮಾತ್ರ ಹಾಡು ಹೊರಗೆ ಬರುತ್ತದೆ.

ಸರ್ವಿಸ್ ಸೆಂಟರ್‌ನವರು ಡೇಟಾ ಹೋಗುತ್ತದೆ ಅನ್ನುವುದೂ ಇದೇ ಕಾರಣಕ್ಕೆ. ಮೆಮೊರಿ ಚಿಪ್ ಮದರ್‌ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಬೋರ್ಡ್ ಬದಲಾದರೆ ಮೆಮೊರಿಯೂ ಹೋಯಿತು.

ಹಾಗಾಗಿ ಆ ಐದು ನಿಮಿಷವೇ ನಿಮ್ಮ ಆಸ್ತಿ. ಅದನ್ನು ಸುಮ್ನೆ ಆನ್ ಆಗುತ್ತಾ ನೋಡೋಣ ಅಂತ ಖರ್ಚು ಮಾಡಬೇಡಿ. ಬಿದ್ದ ಫೋನಿನಲ್ಲಿ ಹೀಗಾಗುವುದಕ್ಕೆ ಸಾಮಾನ್ಯವಾಗಿ ಪ್ರೊಸೆಸರ್ ಕೆಳಗಿನ ಬೆಸುಗೆ ಕಾರಣ. ಆ ಚಿಪ್ ನೂರಾರು ಸಣ್ಣ ಸೀಸದಂಥ ಗುಂಡುಗಳ ಮೇಲೆ ಕೂತಿರುತ್ತದೆ, ಗಸಗಸೆಗಿಂತ ಸಣ್ಣವು. ಒಂದೆರಡು ಬಿರುಕು ಬಿಟ್ಟರೆ ಸಾಕು. ಬಿಸಿಯಾದಾಗ ಬೋರ್ಡ್ ಕೂದಲೆಳೆಯಷ್ಟು ಬಾಗುತ್ತದೆ, ಬಿರುಕು ತೆರೆದುಕೊಳ್ಳುತ್ತದೆ, ಫೋನ್ ಆಫ್. ತಣ್ಣಗಾದಾಗ ಮತ್ತೆ ತಾಗುತ್ತದೆ, ಆನ್. ಪ್ರತಿ ಸಲ ಬಿಸಿ-ತಣ್ಣಗೆ ಆದಾಗಲೂ ಬಿರುಕು ಸ್ವಲ್ಪ ಜಾಸ್ತಿ ಆಗಬಹುದು. ಈವತ್ತು ಐದು ನಿಮಿಷ ಸಿಗುತ್ತಿದೆ, ಮುಂದಿನ ವಾರ ಲೋಗೋ ಕೂಡ ಬರದೇ ಇರಬಹುದು.

ಆದ್ದರಿಂದ ಮೊದಲು ಬೇರೆ ಫೋನ್ ಇಟ್ಟುಕೊಂಡು ಪ್ರ್ಯಾಕ್ಟೀಸ್ ಮಾಡಿ. ತಮಾಷೆಗೆ ಹೇಳುತ್ತಿಲ್ಲ. ನಿಮ್ಮದೇ ಕಂಪನಿಯ ಫೋನ್ ಯಾರ ಹತ್ತಿರವಾದರೂ ಇದ್ದರೆ ಕೇಳಿ ತನ್ನಿ, ಕೇಬಲ್‌ನಲ್ಲಿ ಕಂಪ್ಯೂಟರಿಗೆ ಹಾಕಿ, ರೆಕಾರ್ಡರ್ ಆಪ್ ಫೈಲುಗಳನ್ನು ಯಾವ ಫೋಲ್ಡರ್‌ನಲ್ಲಿ ಇಡುತ್ತದೆ ಅಂತ ಹುಡುಕಿ, ಅಲ್ಲಿಂದ ಕಾಪಿ ಮಾಡುವುದನ್ನು ಕೈಗೆ ರೂಢಿ ಮಾಡಿಕೊಳ್ಳಿ. ಡೇಟಾ ಹೋಗುವ ಕೇಬಲ್ ಬೇಕು, ಬರೀ ಚಾರ್ಜ್ ಆಗುವ ಕೇಬಲ್‌ಗಳೂ ಇವೆ, ಅದನ್ನೂ ಈಗಲೇ ನೋಡಿಕೊಳ್ಳಿ.

ಆಮೇಲೆ ನಿಮ್ಮ ಫೋನಿನಿಂದ ಸಿಮ್ ತೆಗೆದಿಡಿ. ಬ್ಯಾಟರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಚಾರ್ಜ್ ಇರಲಿ. ಫೋನ್ ಪೂರ್ತಿ ತಣ್ಣಗಾಗಿರಲಿ, ಬೆಳಗಿನ ಜಾವ ಮಾಡಿದರೆ ಒಳ್ಳೆಯದು, ಫ್ಯಾನ್ ಕೆಳಗೆ ಇಡಿ, ಕವರ್ ಬಿಚ್ಚಿ. ಆನ್ ಆದ ತಕ್ಷಣ ಪಿನ್ ಹಾಕಿ (ರೀಸ್ಟಾರ್ಟ್ ಆದ ಮೇಲೆ ಮೊದಲ ಸಲ ಬೆರಳಚ್ಚು ನಡೆಯಲ್ಲ, ಪಿನ್ ಹಾಕುವವರೆಗೆ ಒಳಗಿನ ಫೈಲ್ ಯಾವುದೂ ತೆರೆಯಲ್ಲ), ಏರೋಪ್ಲೇನ್ ಮೋಡ್ ಹಾಕಿ, ಬ್ರೈಟ್‌ನೆಸ್ ಪೂರ್ತಿ ಇಳಿಸಿ. ಪ್ರೊಸೆಸರಿಗೆ ಕೆಲಸ ಕಡಿಮೆಯಾದಷ್ಟೂ ಬಿಸಿ ಕಡಿಮೆ. ಕೇಬಲ್ ಚುಚ್ಚಿ ಫೈಲ್ ಟ್ರಾನ್ಸ್‌ಫರ್ ಆರಿಸಿ, ನೇರ ಆ ಫೋಲ್ಡರಿಗೆ ಹೋಗಿ. ಫೋಟೋ ಫೋಲ್ಡರ್ ಕಡೆ ತಿರುಗಿಯೂ ನೋಡಬೇಡಿ, ಸಾವಿರಾರು ಫೋಟೋ ತೆರೆಯುವಷ್ಟರಲ್ಲಿ ನಿಮ್ಮ ಟೈಮ್ ಮುಗಿದಿರುತ್ತದೆ.

ಮೊದಲ ಸಲ ಕಾಪಿ ಆಗಲಿಲ್ಲ ಅಂದರೆ ಎರಡನೇ ಸಲ ಒಂದೇ ಒಂದು ಕೆಲಸ ಮಾಡಿ. ಸೆಟ್ಟಿಂಗ್ಸ್‌ನ ಅಬೌಟ್ ಫೋನ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ಬರುತ್ತದೆ. (ಕೆಲವು ಕಂಪನಿಗಳದ್ದರಲ್ಲಿ ಆ ಜಾಗ ಬೇರೆ ಇರುತ್ತದೆ, ಅದನ್ನೂ ಪ್ರ್ಯಾಕ್ಟೀಸ್ ಫೋನಿನಲ್ಲೇ ನೋಡಿಕೊಳ್ಳಿ.) ಅದರಲ್ಲಿ ಡೀಫಾಲ್ಟ್ ಯುಎಸ್‌ಬಿ ಕಾನ್ಫಿಗರೇಶನ್ ಅಂತ ಇದ್ದರೆ ಫೈಲ್ ಟ್ರಾನ್ಸ್‌ಫರ್ ಅಂತ ಇಟ್ಟುಬಿಡಿ. ಆಮೇಲೆ ಪ್ರತಿ ಸಲ ಪಿನ್ ಹಾಕಿದ ಕೂಡಲೇ ಕಂಪ್ಯೂಟರಿನಲ್ಲಿ ತಾನೇ ತೆರೆದುಕೊಳ್ಳುತ್ತದೆ, ಅರ್ಧ ನಿಮಿಷ ಉಳಿಯುತ್ತದೆ. ಆ ಅರ್ಧ ನಿಮಿಷಕ್ಕೆ ಇಲ್ಲಿ ಬೆಲೆ ಇದೆ. ಲೆಕ್ಕ ಹಾಕಿ ನೋಡಿ: ಮೂರು ನಿಮಿಷದ ಹಾಡು ಸಾಧಾರಣ 128 ಕೆಬಿಪಿಎಸ್ ಗುಣಮಟ್ಟದಲ್ಲಿ 3 ಎಂಬಿಯ ಹತ್ತಿರ ಬರುತ್ತದೆ. ನಲವತ್ತು ಹಾಡು ಸೇರಿದರೂ 120 ಎಂಬಿ ದಾಟಲ್ಲ. ದಾರಿ ಗೊತ್ತಿದ್ದರೆ ಒಂದು ನಿಮಿಷದೊಳಗಿನ ಕೆಲಸ. ನಿಮ್ಮ ಹಾಡುಗಳು ಉದ್ದ ಇದ್ದರೂ ಐದು ನಿಮಿಷ ಧಾರಾಳವಾಗಿ ಸಾಕು.

ಇಷ್ಟರ ಮಧ್ಯೆ ಒಂದು ಎಚ್ಚರಿಕೆ. ಲೋಗೋದಲ್ಲಿ ನಿಂತಾಗ ಯಾರಾದರೂ ರಿಕವರಿ ಮೋಡ್‌ಗೆ ಹೋಗಿ ರೀಸೆಟ್ ಮಾಡಿ ಅಂದರೆ ಮಾಡಬೇಡಿ. ಸಾಫ್ಟ್‌ವೇರ್ ಹೊಡೆದು ನೋಡೋಣ ಅಂದರೂ ಬೇಡ. ರೀಸೆಟ್ ಆದ ಕ್ಷಣ ಹಳೇ ಕೀ ಅಳಿಸಿಹೋಗುತ್ತದೆ, ಆಮೇಲೆ ಜಗತ್ತಿನ ಯಾವ ಲ್ಯಾಬ್‌ನಲ್ಲೂ ಆ ಫೈಲುಗಳು ಓದುವ ಹಾಗೆ ಬರಲ್ಲ.

ಇದೆಲ್ಲ ಮಾಡಿಯೂ ಆಗಲಿಲ್ಲ, ಫೋನ್ ಪೂರ್ತಿ ಸತ್ತೇಹೋಯಿತು ಅಂದುಕೊಳ್ಳಿ. ಆಗ ಬೋರ್ಡ್ ಮಟ್ಟದಲ್ಲಿ ಕೆಲಸ ಮಾಡುವವರ ಹತ್ತಿರ ಹೋಗಬೇಕು. ಬೆಂಗಳೂರಿನ ಎಸ್‌ಪಿ ರೋಡ್ ಕಡೆ ಅಂಥವರು ಇದ್ದಾರೆ, ಬೇರೆ ದೊಡ್ಡ ಊರುಗಳಲ್ಲೂ ಇದ್ದಾರೆ. ಅಂಥ ಒಂದು ಅಂಗಡಿಯಲ್ಲಿ ನಾನು ಕೂತು ನೋಡಿದ ಕೆಲಸವೊಂದನ್ನು ಹೇಳಿದರೆ ನಿಮಗೆ ಒಳ್ಳೆಯ ಕೈ ಯಾವುದು ಅಂತ ಗುರುತಿಸಲು ಸುಲಭ ಆಗುತ್ತದೆ. ಆ ಹುಡುಗ ಬೋರ್ಡ್ ಬಿಚ್ಚಿದವನೇ ಹಾಟ್ ಏರ್ ಗನ್ ಹಿಡಿಯಲಿಲ್ಲ. ಮೊದಲು ಬ್ಯಾಟರಿ ಜಾಗಕ್ಕೆ ಪವರ್ ಸಪ್ಲೈ ಕೊಟ್ಟು ಮೀಟರ್ ನೋಡಿದ. ಪವರ್ ಬಟನ್ ಒತ್ತುವ ಮೊದಲೇ ಕರೆಂಟ್ ಎಳೆಯುತ್ತಿತ್ತು, ಅಂದರೆ ಎಲ್ಲೋ ಶಾರ್ಟ್ ಇದೆ ಅಂತ. ಆಮೇಲೆ ರಾಳವನ್ನು ಕಾಯಿಸಿ ಅದರ ಹೊಗೆಯನ್ನು ಬೋರ್ಡಿಗೆ ಹಿಡಿದ. ಬೋರ್ಡ್ ತುಂಬ ವಿಭೂತಿ ಬಳಿದ ಹಾಗೆ ಬೆಳ್ಳಗಾಯಿತು. ಮತ್ತೆ ಕರೆಂಟ್ ಕೊಟ್ಟ. ಒಂದೇ ಕಡೆ, ಎಳ್ಳಿನ ಅರ್ಧದಷ್ಟು ಇರುವ ಒಂದು ಕೆಪಾಸಿಟರ್ ಮೇಲೆ, ಬಿಳಿ ಕರಗಿ ಕಪ್ಪು ಚುಕ್ಕೆ ಕಾಣಿಸಿತು. ಅದನ್ನು ಚಿಮಟದಲ್ಲಿ ಎತ್ತಿ ಹಾಕಿದ, ಫೋನ್ ಆನ್ ಆಯಿತು. ಪ್ರೊಸೆಸರ್ ಮುಟ್ಟಲೇ ಇಲ್ಲ. ನನಗೆ ಬೇಕಾದ ಕೈ ಅಂಥದ್ದು: ಮೊದಲು ಅಳೆಯುವ ಕೈ.

ಅಂಥವರ ಹತ್ತಿರ ಹೋದಾಗ ನೀವು ಹೇಳಬೇಕಾದ ಮಾತು ಒಂದೇ: "ನನಗೆ ಫೋನ್ ರಿಪೇರಿ ಬೇಡ, ಅರ್ಧ ಗಂಟೆ ಆನ್ ಆದರೆ ಸಾಕು, ಡೇಟಾ ಬೇಕು." ಇದನ್ನು ಹೇಳಿದರೆ ಕೆಲಸವೇ ಬದಲಾಗುತ್ತದೆ. ಕ್ಯಾಮೆರಾ, ಸ್ಪೀಕರ್, ನೆಟ್‌ವರ್ಕ್ ಯಾವುದನ್ನೂ ಸರಿ ಮಾಡಬೇಕಾಗಿಲ್ಲ. ಪ್ರೊಸೆಸರ್ ಎತ್ತಿ ಹೊಸ ಗುಂಡು ಕೂರಿಸುವ ರೀಬಾಲಿಂಗ್ ಕೊನೆಯ ದಾರಿ. ಸೀಸ ಇಲ್ಲದ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಬೇಕು, ಬಹಳ ಫೋನುಗಳಲ್ಲಿ ಪ್ರೊಸೆಸರ್ ಬೆನ್ನ ಮೇಲೇ ರ್‍ಯಾಮ್ (ಫೋನ್ ಓಡುವಾಗ ಮಾತ್ರ ಬಳಸುವ ತಾತ್ಕಾಲಿಕ ಮೆಮೊರಿ) ಕೂತಿರುತ್ತದೆ, ಕೈ ತಪ್ಪಿದರೆ ಎರಡೂ ಹೋಗುತ್ತವೆ. ಬೋರ್ಡೇ ಕೆಟ್ಟಿದ್ದರೆ ಪ್ರೊಸೆಸರ್ ಮತ್ತು ಮೆಮೊರಿ ಎರಡನ್ನೂ ಜೋಡಿಯಾಗಿ ಅದೇ ಮಾಡೆಲ್‌ನ ಇನ್ನೊಂದು ಬೋರ್ಡಿಗೆ ಸಾಗಿಸುವವರೂ ಇದ್ದಾರೆ. ಐಫೋನಿನಲ್ಲೂ ಹೀಗೆ ಮಾಡುತ್ತಾರೆ. ದುಬಾರಿ ಕೆಲಸ, ಗ್ಯಾರಂಟಿ ಇಲ್ಲ. ಆದರೂ ಅಮ್ಮನ ದನಿಗಾಗಿ ನಾನಾಗಿದ್ದರೆ ಅದನ್ನೂ ಮಾಡಿಸುತ್ತಿದ್ದೆ.

ಇನ್ನೊಂದು ಮಾತು, ಇದು ಮೊದಲೇ ಹೇಳಬೇಕಿತ್ತೇನೋ. ಗೂಗಲ್ ಫೋಟೋಸ್‌ಗೆ ಬರೀ ಫೋಟೋ, ವಿಡಿಯೋ ಹೋಗುತ್ತವೆ, ಆಡಿಯೋ ಹೋಗಲ್ಲ, ಹಾಗಾಗಿ ಅಲ್ಲಿ ಹುಡುಕಿ ಬೇಜಾರಾಗಬೇಡಿ. ಆದರೆ ಆ ಮೂರು ವರ್ಷದಲ್ಲಿ ಅಕ್ಕನಿಗೋ ಚಿಕ್ಕಮ್ಮನಿಗೋ "ಅಮ್ಮ ಹಾಡಿದ್ದು ಕೇಳು" ಅಂತ ವಾಟ್ಸಾಪ್‌ನಲ್ಲಿ ಕಳಿಸಿಯೇ ಇರುತ್ತೀರಿ. ಅವರೆಲ್ಲರಿಗೂ ಈವತ್ತೇ ಫೋನ್ ಮಾಡಿ, ಏನೂ ಡಿಲೀಟ್ ಮಾಡಬೇಡಿ ಅಂತ ಹೇಳಿ, ಇರುವುದನ್ನು ತರಿಸಿಕೊಳ್ಳಿ.

ಪ್ರಶ್ನೆ: ಕೆಟ್ಟ ಫೋನನ್ನು ಫ್ರೀಜರ್‌ನಲ್ಲಿ ಅರ್ಧ ಗಂಟೆ ಇಟ್ಟರೆ ಆನ್ ಆಗುತ್ತದೆ ಅಂತ ವಿಡಿಯೋದಲ್ಲಿ ನೋಡಿದೆ. ನಿಜವಾ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಕೆಲವು ಫೋನುಗಳಲ್ಲಿ ಆಗಿದ್ದು ನಿಜ. 2015ರಲ್ಲಿ ಬಂದ ಎಲ್‌ಜಿ ಜಿ4 ಪದೇ ಪದೇ ರೀಸ್ಟಾರ್ಟ್ ಆಗುತ್ತಿತ್ತು, ಬಿಡಿಭಾಗಗಳ ಸಂಪರ್ಕ ಸಡಿಲ ಆಗುವುದೇ ಕಾರಣ ಅಂತ 2016ರ ಜನವರಿಯಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಅಂಥ ಫೋನನ್ನು ತಣ್ಣಗೆ ಮಾಡಿ ಕೆಲವು ನಿಮಿಷ ಎಬ್ಬಿಸಿ ಫೋಟೋ ತೆಗೆದುಕೊಂಡವರು ಇದ್ದಾರೆ. ಆದರೆ ಫ್ರೀಜರ್‌ನಿಂದ ಹೊರಗೆ ತೆಗೆದ ಕೂಡಲೇ, ತಣ್ಣೀರಿನ ಚೊಂಬಿನ ಮೇಲೆ ಬೆವರು ಕೂರುವ ಹಾಗೆ, ಬೋರ್ಡಿನ ಮೇಲೂ ನೀರು ಕೂರುತ್ತದೆ. ಅದರ ಮೇಲೆ ಕರೆಂಟ್ ಹರಿದರೆ ಇರದ ಶಾರ್ಟ್ ಆಗುತ್ತದೆ. ಕರಾವಳಿಯ ಸೆಕೆಯಲ್ಲಂತೂ ಬೇಡವೇ ಬೇಡ. ಫ್ಯಾನ್ ಗಾಳಿ ಸಾಕು. ಬೇಕಿದ್ದರೆ ಐಸ್ ಪ್ಯಾಕನ್ನು ಒಣ ಬಟ್ಟೆಯಲ್ಲಿ ಸುತ್ತಿ, ಫೋನನ್ನು ಗಾಳಿ ಆಡದ ಪ್ಲಾಸ್ಟಿಕ್ ಕವರಿನೊಳಗೆ ಹಾಕಿ, ಅದರ ಮೇಲೆ ಇಡಿ. ಹೇರ್ ಡ್ರೈಯರ್‌ನಲ್ಲಿ ಕಾಯಿಸುವ ವಿಡಿಯೋಗಳೂ ಇವೆ. ಬೆಸುಗೆ ಕರಗುವಷ್ಟು ಬಿಸಿ ಡ್ರೈಯರ್‌ಗೆ ಬರಲ್ಲ, ಬ್ಯಾಟರಿ ಉಬ್ಬುವಷ್ಟು ಬರುತ್ತದೆ.

ಪ್ರಶ್ನೆ: 2014ರ ಹಳೇ ಫೋನ್, ಬೋರ್ಡ್ ಸತ್ತಿದೆ. ಮಗಳ ಮೊದಲ ವರ್ಷದ ಫೋಟೋ ಅದರಲ್ಲಿವೆ. ನನಗೂ ಆಸೆ ಬಿಡಬೇಕಾ?
— ಓದುಗರೊಬ್ಬರು, ಹಾಸನ

ಉತ್ತರ: ನಿಮಗೆ ಸಾಗರದವರಿಗಿಂತ ದಾರಿ ಸುಲಭ! ಆ ಕಾಲದ ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ನಾವಾಗಿ ಆನ್ ಮಾಡದಿದ್ದರೆ ಎನ್‌ಕ್ರಿಪ್ಶನ್ ಇರುತ್ತಿರಲಿಲ್ಲ. ನಿಮ್ಮದೂ ಅಂಥದ್ದೇ ಆದರೆ ಚಿಪ್ ಕಿತ್ತು ಓದಿಸಬಹುದು. ಕೀಳದೆಯೇ ಬೋರ್ಡಿನ ಟೆಸ್ಟ್ ಪಾಯಿಂಟ್‌ಗಳಿಗೆ ಸಣ್ಣ ತಂತಿ ಬೆಸೆದು ಓದುವವರು ಸಿಕ್ಕರೆ ಇನ್ನೂ ಒಳ್ಳೆಯದು. ಅಂಗಡಿಯಲ್ಲಿ ಇಎಂಎಂಸಿ (ಅಂಥ ಫೋನುಗಳ ಮೆಮೊರಿ ಚಿಪ್) ಓದುವ ಬಾಕ್ಸ್ ಇದೆಯಾ ಅಂತ ಕೇಳಿ. ಅದಕ್ಕೂ ಮೊದಲು ಹಿಂದಿನ ಮುಚ್ಚಳ ತೆಗೆದು ಮೆಮೊರಿ ಕಾರ್ಡ್ ಇದೆಯಾ ನೋಡಿ. ಆಗ ಬಹಳ ಜನ ಕ್ಯಾಮೆರಾ ಫೋಟೋ ಕಾರ್ಡಿಗೇ ಹೋಗುವ ಹಾಗೆ ಇಟ್ಟುಕೊಳ್ಳುತ್ತಿದ್ದರು.

ಪ್ರಶ್ನೆ: ನಿನ್ನೆ ಫೋನ್ ಸತ್ತಿತು. ಆಫೀಸಿನ ಕಂಪ್ಯೂಟರಿನಲ್ಲಿ ವಾಟ್ಸಾಪ್ ಇನ್ನೂ ಓಡುತ್ತಿದೆ. ಚಾಟ್ ಉಳಿಸಿಕೊಳ್ಳಬಹುದಾ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಬೇಗ ಮಾಡಿ. ಮುಖ್ಯ ಫೋನ್ 14 ದಿನಕ್ಕಿಂತ ಜಾಸ್ತಿ ಬಳಸದಿದ್ದರೆ ಕಂಪ್ಯೂಟರಿನಲ್ಲೂ ಲಾಗೌಟ್ ಆಗುತ್ತದೆ. ಅಷ್ಟರೊಳಗೆ ಮುಖ್ಯವಾದ ಫೋಟೋ, ಫೈಲು ಡೌನ್‌ಲೋಡ್ ಮಾಡಿ, ಬೇಕಾದ ಮಾತುಕತೆಗಳ ಸ್ಕ್ರೀನ್‌ಶಾಟ್ ತೆಗೆದಿಡಿ. ಇದೆಲ್ಲ ಮುಗಿಯುವವರೆಗೆ ಹೊಸ ಫೋನಿನಲ್ಲಿ ವಾಟ್ಸಾಪ್ ಹಾಕಲು ಹೋಗಬೇಡಿ, ಹಾಕಿದ ಕೂಡಲೇ ಕಂಪ್ಯೂಟರಿನದ್ದು ಕಳಚಿಕೊಳ್ಳುತ್ತದೆ. ಆಮೇಲೆ ಅದೇ ನಂಬರಿನ ಸಿಮ್, ಅದೇ ಗೂಗಲ್ ಖಾತೆ ಹಾಕಿ ಶುರು ಮಾಡಿ, ಬ್ಯಾಕಪ್ ಸಿಕ್ಕಿದೆ, ರೀಸ್ಟೋರ್ ಮಾಡಲಾ ಅಂತ ಕೇಳುವ ಪರದೆಯನ್ನು ಅವಸರದಲ್ಲಿ ಸ್ಕಿಪ್ ಮಾಡಬೇಡಿ.